ಹಿನ್ನೆಲೆ ಸರ್ವಿಸ್‌ನ ಪಿಐಡಿ, ಸಾಕೆಟ್, ಕ್ಯೂ ಫೈಲುಗಳು: ಲಿನಕ್ಸ್‌ನಲ್ಲಿ ಯಾವುದನ್ನು ಎಲ್ಲಿಡಬೇಕು?

ಅಡಿಕೆತೋಟ

ಎಲ್ಲರಿಗೂ ನಮಸ್ಕಾರ.

ಶಿರಸಿ ಹತ್ತಿರ ನಮ್ಮ ತೋಟದಲ್ಲಿ ಒಂದು ಮಿನಿ ಪಿಸಿ ಇದೆ. ಮಳೆಮಾಪಕ ಮತ್ತು ಮಣ್ಣಿನ ತೇವದ ಸೆನ್ಸರ್‌ಗಳಿಂದ ಬರುವ ಅಂಕಿಗಳನ್ನು ಮಳೆ ಅನ್ನುವ ಒಂದು ಪೈಥಾನ್ ಪ್ರೋಗ್ರಾಂ ಹಗಲೂ ರಾತ್ರಿ ಓದುತ್ತಿರುತ್ತದೆ. ನೆಟ್ ಇದ್ದರೆ ಸರ್ವರ್‌ಗೆ ಕಳಿಸುತ್ತದೆ, ಇಲ್ಲದಿದ್ದರೆ ಕ್ಯೂನಲ್ಲಿ ಇಟ್ಟುಕೊಳ್ಳುತ್ತದೆ. ಮಳೆಗಾಲದಲ್ಲಿ ಇಲ್ಲಿ ಕರೆಂಟು, ನೆಟ್ಟು ಎರಡೂ ಕೈಕೊಡುತ್ತವೆ. ಹಾಗಾಗಿ ಆ ಕ್ಯೂ ನಮಗೆ ತುಂಬಾ ಮುಖ್ಯ.

ಪ್ರೋಗ್ರಾಂ ಬರೆಯುವ ಫೈಲುಗಳು ಇವು: ಪಿಐಡಿ ಫೈಲ್ (ಓಡುತ್ತಿರುವ ಪ್ರೊಸೆಸ್‌ನ ನಂಬರ್ ಇರುವುದು), ಸ್ಥಿತಿ ತೋರಿಸುವ ವೆಬ್ ಪುಟದ ಜೊತೆ ಮಾತಾಡಲು ಒಂದು ಯುನಿಕ್ಸ್ ಸಾಕೆಟ್, ಕ್ಯೂ ಇರುವ ಎಸ್‌ಕ್ಯುಎಲ್‌ಲೈಟ್ ಡೇಟಾಬೇಸ್ ಫೈಲ್, ಹವಾಮಾನ ಮುನ್ಸೂಚನೆಯ ಡೌನ್‌ಲೋಡ್ ಪ್ರತಿ, ಆಮೇಲೆ ಲಾಗ್. ಕ್ಯೂ ಮಾತ್ರ /ವಾರ್/ಟೆಂಪ್‌ನಲ್ಲಿದೆ. ಉಳಿದದ್ದೆಲ್ಲ /ಟೆಂಪ್‌ನಲ್ಲಿದೆ.

ಈಗ ಹೊಸ ಎಸ್‌ಎಸ್‌ಡಿ ಹಾಕಿ ಡೆಬಿಯನ್ 13 ಲಿನಕ್ಸ್ ಇನ್‌ಸ್ಟಾಲ್ ಮಾಡಬೇಕೆಂದಿದ್ದೇನೆ. ರಿಲೀಸ್ ನೋಟ್ಸ್ ಓದಿದೆ. 13ರಿಂದ /ಟೆಂಪ್ ಡಿಸ್ಕ್‌ನಲ್ಲಿ ಇರುವುದಿಲ್ಲ, ಟೆಂಪ್‌ಎಫ್‌ಎಸ್ ಆಗಿ ಮೆಮರಿಯಲ್ಲಿರುತ್ತದೆ. ಹೊಸ ಇನ್‌ಸ್ಟಾಲ್‌ಗಳಲ್ಲಿ /ಟೆಂಪ್‌ನಲ್ಲಿ 10 ದಿನ, /ವಾರ್/ಟೆಂಪ್‌ನಲ್ಲಿ 30 ದಿನ ಯಾರೂ ಮುಟ್ಟದ ಫೈಲುಗಳು ತಾವಾಗಿಯೇ ಅಳಿಸಿಹೋಗುತ್ತವೆ. ಹೇಗೂ ಹೊಸದಾಗಿ ಹಾಕುತ್ತಿದ್ದೇನೆ, ಜಾಗಗಳನ್ನೂ ಸರಿಯಾಗಿ ಆರಿಸೋಣ ಅನ್ನಿಸಿತು. ಹುಡುಕಿದರೆ ಒಬ್ಬರು /ವಾರ್/ರನ್ ಅನ್ನುತ್ತಾರೆ, ಒಬ್ಬರು /ರನ್, ಇನ್ನೊಬ್ಬರು ಎಲ್ಲವನ್ನೂ /ಆಪ್ಟ್ ಒಳಗೇ ಇಡಿ ಅನ್ನುತ್ತಾರೆ. ಯಾವುದು ಎಲ್ಲಿರಬೇಕು, ಯಾಕೆ?

ಸರ್ವರ್‌ಕೋಣೆ

ಫೈಲ್ ಯಾವ ತರಹದ್ದು ಅಂತ ಕೇಳುವ ಮೊದಲು ಅದರ ಆಯಸ್ಸು ಎಷ್ಟು ಅಂತ ಕೇಳಿ. ಈಗಲೇ ಪ್ಲಗ್ ಕಿತ್ತರೆ, ಮತ್ತೆ ಬೂಟ್ ಆದ ಮೇಲೆ ಈ ಫೈಲ್ ಬೇಕಾ? ಇದೊಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಮುಕ್ಕಾಲು ಕೆಲಸ ಮುಗಿಯಿತು.

ಪಿಐಡಿ ಫೈಲ್ ಬೇಡ. ಹಿಂದಿನ ಬೂಟ್‌ನ ಪ್ರೊಸೆಸ್ ನಂಬರ್‌ಗೆ ಈ ಬೂಟ್‌ನಲ್ಲಿ ಅರ್ಥವಿಲ್ಲ. ಉಳಿದುಕೊಂಡರೆ ತೊಂದರೆಯೇ ಜಾಸ್ತಿ, ಯಾಕೆಂದರೆ ಅದೇ ನಂಬರ್ ಈಗ ಬೇರೆ ಯಾವುದೋ ಪ್ರೊಸೆಸ್‌ಗೆ ಸಿಕ್ಕಿರಬಹುದು. ಸಾಕೆಟ್ ಕೂಡ ಹಾಗೆಯೇ. ಕೇಳುವವರಿಲ್ಲದ ಹಳೆ ಸಾಕೆಟ್ ಫೈಲ್ ಬಿದ್ದಿದ್ದರೆ, ಹೊಸ ಪ್ರೊಸೆಸ್ ಅದೇ ಹೆಸರಿಗೆ ಬೈಂಡ್ ಮಾಡಲು ಹೋದಾಗ ವಿಳಾಸ ಆಗಲೇ ಬಳಕೆಯಲ್ಲಿದೆ ಅಂತ ಎರರ್ ಬರುತ್ತದೆ. ಇವೆರಡರ ಜಾಗ /ರನ್. ಅದು ಟೆಂಪ್‌ಎಫ್‌ಎಸ್, ಪ್ರತಿ ಬೂಟ್‌ಗೂ ಖಾಲಿಯಾಗಿ ಶುರುವಾಗುತ್ತದೆ.

ಕ್ಯೂ ಬೇಕೇ ಬೇಕು. ಅದು /ವಾರ್/ಲಿಬ್/ಮಳೆ ಒಳಗಿರಲಿ. ಮುನ್ಸೂಚನೆಯ ಪ್ರತಿ ಇದ್ದರೆ ಒಳ್ಳೆಯದು, ಹೋದರೆ ಮತ್ತೆ ಇಳಿಸಿಕೊಳ್ಳಬಹುದು. ಅದಕ್ಕೆ /ವಾರ್/ಕ್ಯಾಶ್/ಮಳೆ. ಡಿಸ್ಕ್ ತುಂಬಿದಾಗ ಯಾರಾದರೂ /ವಾರ್/ಕ್ಯಾಶ್ ಒಳಗಿನದನ್ನು ಅಳಿಸಿದರೂ ನಿಮ್ಮ ಪ್ರೋಗ್ರಾಂ ನಿಲ್ಲಬಾರದು. ಲಾಗ್‌ಗೆ ಫೈಲೇ ಬೇಡ. ಸ್ಟ್ಯಾಂಡರ್ಡ್ ಎರರ್‌ಗೆ ಬರೆಯಿರಿ, ಸಿಸ್ಟಮ್‌ನ ಲಾಗ್ ಸಂಗ್ರಹವಾದ ಜರ್ನಲ್ ಹಿಡಿದಿಟ್ಟುಕೊಳ್ಳುತ್ತದೆ. ಒಂದು ವಿಷಯ ನೋಡಿಕೊಳ್ಳಿ: ಜರ್ನಲ್‌ನ ಸ್ಟೋರೇಜ್ ಸೆಟ್ಟಿಂಗ್ ಆಟೋ ಆಗಿದ್ದು, /ವಾರ್/ಲಾಗ್/ಜರ್ನಲ್ ಫೋಲ್ಡರ್ ಇಲ್ಲದಿದ್ದರೆ ಲಾಗ್ ಕೂಡ /ರನ್‌ನಲ್ಲೇ ಕೂತು, ಮತ್ತೆ ಬೂಟ್ ಆದಾಗ ಅಳಿಸಿಹೋಗುತ್ತದೆ.

/ಆಪ್ಟ್ ಸಲಹೆ ಬಿಡಿ. ಅಲ್ಲಿ ಪ್ರೋಗ್ರಾಂ ಇರಲಿ, ಬದಲಾಗುವ ಡೇಟಾ ಬೇಡ. ಎಫ್‌ಎಚ್‌ಎಸ್ (ಲಿನಕ್ಸ್‌ನಲ್ಲಿ ಯಾವ ಫೈಲ್ ಎಲ್ಲಿರಬೇಕು ಅಂತ ಹೇಳುವ ಮಾನದಂಡ) ಕೂಡ /ಆಪ್ಟ್‌ನಲ್ಲಿರುವ ಪ್ಯಾಕೇಜ್‌ನ ಬದಲಾಗುವ ಡೇಟಾಗೆ /ವಾರ್/ಆಪ್ಟ್ ಅಂತ ಬೇರೆ ಜಾಗ ಕೊಟ್ಟಿದೆ.

ಇನ್ನೊಂದು ಮಾತು. ಡೆಬಿಯನ್ 12ರಲ್ಲಿ /ಟೆಂಪ್ ಡಿಸ್ಕ್‌ನಲ್ಲಿದ್ದರೂ ಬೂಟ್ ಆಗುವಾಗ ಖಾಲಿ ಆಗುತ್ತದೆ. ಅದು ಹೊಸ ನಿಯಮವಲ್ಲ. /ವಾರ್/ಟೆಂಪ್ ಬೂಟ್ ಆದರೂ ಉಳಿಯುತ್ತದೆ, ನಿಜ. ದಿನಾ ಬರೆಯುತ್ತಿರುವ ಕ್ಯೂ ಫೈಲ್‌ಗೆ 30 ದಿನದ ನಿಯಮ ತಾಗುವುದೂ ಇಲ್ಲ, ಯಾಕೆಂದರೆ ಓದಿದ, ಬರೆದ, ಬದಲಾದ ಸಮಯ ಎಲ್ಲವನ್ನೂ ನೋಡಿಯೇ ಅಳಿಸುವುದು. ಆದರೆ ಬೇಸಿಗೆಯಲ್ಲಿ ಎರಡು ತಿಂಗಳು ಸರ್ವಿಸ್ ನಿಲ್ಲಿಸಿಟ್ಟರೆ? ಆಗ ಕಳಿಸದೆ ಉಳಿದ ಅಂಕಿಗಳು ಹೇಳದೆ ಕೇಳದೆ ಹೋಗುತ್ತವೆ. ಟೆಂಪ್ ಅಂತ ಹೆಸರಿರುವ ಜಾಗದಲ್ಲಿ ಬೇಕಾದ ವಸ್ತು ಇಡಬೇಡಿ.

ಅಡಿಕೆತೋಟ

ತುಂಬಾ ಸ್ಪಷ್ಟವಾಯಿತು ಅಕ್ಕ. ಬೇಸಿಗೆಯಲ್ಲಿ ನಿಲ್ಲಿಸುವುದು ಇದೆ, ಅದು ಒಳ್ಳೆಯ ಎಚ್ಚರಿಕೆ.

ಒಂದು ತೊಡಕು. ಸರ್ವಿಸ್ ಓಡುವುದು ಮಳೆ ಅನ್ನುವ ಯೂಸರ್ ಹೆಸರಿನಲ್ಲಿ, ರೂಟ್ ಅಲ್ಲ. /ರನ್ ಒಳಗೆ ರೂಟ್ ಬಿಟ್ಟು ಬೇರೆಯವರು ಬರೆಯಲು ಆಗುವುದಿಲ್ಲ. ಒಮ್ಮೆ ಕೈಯಲ್ಲಿ ಫೋಲ್ಡರ್ ಮಾಡಿಕೊಟ್ಟರೂ ಮುಂದಿನ ಬೂಟ್‌ಗೆ ಅದು ಇರಲ್ಲ. ಹಾಗಾದರೆ ಪ್ರೋಗ್ರಾಂ ರೂಟ್ ಆಗಿ ಶುರುವಾಗಿ, ಫೋಲ್ಡರ್ ಮಾಡಿ, ಆಮೇಲೆ ಯೂಸರ್ ಬದಲಿಸಿಕೊಳ್ಳಬೇಕಾ?

ಡೆಬ್‌ಕಟ್ಟುವವ

ಬೇಡ ಸರ್. ಮೊದಲು ಹಾಗೆಯೇ ಮಾಡುತ್ತಿದ್ದರು. ಇಲ್ಲವೇ ಇನಿಟ್ ಸ್ಕ್ರಿಪ್ಟ್‌ನಲ್ಲಿ ಫೋಲ್ಡರ್ ಮಾಡಿ ಓನರ್ ಬದಲಿಸುವ ಸಾಲುಗಳನ್ನು ಬರೆಯುತ್ತಿದ್ದರು. ಈಗ ಆ ಕೆಲಸ ಸಿಸ್ಟಮ್‌ಡಿಗೆ ಬಿಟ್ಟುಬಿಡಿ, ಡೆಬಿಯನ್‌ನಲ್ಲಿ ಸರ್ವಿಸ್‌ಗಳನ್ನು ಶುರುಮಾಡಿ ನಿಲ್ಲಿಸುವುದು ಅದೇ. ಸರ್ವಿಸ್‌ನ ವಿವರ ಬರೆಯುವ ಯುನಿಟ್ ಫೈಲ್‌ನಲ್ಲಿ ಇಷ್ಟು ಸಾಕು (ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ, ನಿಜವಾದ ಫೈಲ್‌ನಲ್ಲಿ ಇಂಗ್ಲಿಷ್‌ನಲ್ಲೇ ಇರಬೇಕು):

ಯೂಸರ್=ಮಳೆ
ರನ್‌ಟೈಮ್‌ಡೈರೆಕ್ಟರಿ=ಮಳೆ
ಸ್ಟೇಟ್‌ಡೈರೆಕ್ಟರಿ=ಮಳೆ
ಕ್ಯಾಶ್‌ಡೈರೆಕ್ಟರಿ=ಮಳೆ

ಸರ್ವಿಸ್ ಶುರುವಾಗುವ ಮುಂಚೆ /ರನ್/ಮಳೆ, /ವಾರ್/ಲಿಬ್/ಮಳೆ, /ವಾರ್/ಕ್ಯಾಶ್/ಮಳೆ ಮೂರನ್ನೂ ಸಿಸ್ಟಮ್‌ಡಿ ಮಾಡಿ, ಆ ಯೂಸರ್‌ಗೆ ಒಪ್ಪಿಸುತ್ತದೆ. ಸರ್ವಿಸ್ ನಿಂತಾಗ /ರನ್/ಮಳೆಯನ್ನು ತೆಗೆಯುತ್ತದೆ. ಉಳಿದೆರಡನ್ನು ಮುಟ್ಟುವುದಿಲ್ಲ. ಪ್ರೋಗ್ರಾಂನಲ್ಲಿ ರೂಟ್ ಅಧಿಕಾರದ ಒಂದು ಸಾಲೂ ಬೇಕಾಗುವುದಿಲ್ಲ. ರನ್‌ಟೈಮ್‌ಡೈರೆಕ್ಟರಿ 2014ರಲ್ಲಿ ಸಿಸ್ಟಮ್‌ಡಿ 211ಕ್ಕೆ ಬಂತು. ಸ್ಟೇಟ್, ಕ್ಯಾಶ್, ಲಾಗ್ಸ್, ಕಾನ್ಫಿಗರೇಶನ್ ಇವು 2017ರಲ್ಲಿ 235ಕ್ಕೆ ಬಂದವು. ಡೆಬಿಯನ್ 13ರಲ್ಲಿ ಎಲ್ಲವೂ ಇವೆ.

ಪರ್ಮಿಷನ್ ಬಗ್ಗೆ: ಸುಮ್ನೆ ಬಿಟ್ಟರೆ ಈ ಫೋಲ್ಡರ್‌ಗಳು 0755 ಆಗುತ್ತವೆ, ಅಂದರೆ ಎಲ್ಲರೂ ಒಳಗೆ ನೋಡಬಹುದು. ರನ್‌ಟೈಮ್‌ಡೈರೆಕ್ಟರಿಮೋಡ್=0750 ಅಂತ ಹಾಕಿ, ಆಗ ಓನರ್ ಮತ್ತು ಗ್ರೂಪ್ ಬಿಟ್ಟು ಬೇರೆಯವರು ನೋಡಲಾರರು. ಸ್ಟೇಟ್‌ಗೂ ಅದೇ ತರಹದ ಸೆಟ್ಟಿಂಗ್ ಇದೆ.

ಸಣ್ಣಲಿನಕ್ಸ್

ಇಲ್ಲಿ ನನ್ನದೊಂದು ಮನವಿ. ಪ್ರೋಗ್ರಾಂ ಸಿಸ್ಟಮ್‌ಡಿಗೆ ಅಂಟಿಕೊಳ್ಳದ ಹಾಗೆ ಬರೆಯಿರಿ. ನಮ್ಮಲ್ಲಿ ಆಲ್ಪೈನ್ ಓಡುತ್ತದೆ, ಅಲ್ಲಿ ಸಿಸ್ಟಮ್‌ಡಿ ಬದಲು ಓಪನ್‌ಆರ್‌ಸಿ ಇದೆ. ಫ್ರೀಬಿಎಸ್‌ಡಿಯಲ್ಲಿ /ರನ್ ಇಲ್ಲ, ಈಗಲೂ /ವಾರ್/ರನ್ನೇ. ಪ್ರೋಗ್ರಾಂ ಒಳಗೆ /ರನ್/ಮಳೆ ಅಂತ ಗಟ್ಟಿಯಾಗಿ ಬರೆದುಬಿಟ್ಟರೆ ಬೇರೆ ಕಡೆ ಓಡಿಸುವವರು ಕೋಡ್ ತಿದ್ದಬೇಕಾಗುತ್ತದೆ.

ನಾನು ಮಾಡುವುದು ಹೀಗೆ. ಕಮಾಂಡ್ ಸಾಲಿನಲ್ಲಿ ಜಾಗ ಕೊಟ್ಟಿದ್ದರೆ ಅದು. ಇಲ್ಲದಿದ್ದರೆ ರನ್‌ಟೈಮ್_ಡೈರೆಕ್ಟರಿ ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್ ನೋಡುವುದು. ಸಿಸ್ಟಮ್‌ಡಿ ತಾನು ಮಾಡಿದ ಫೋಲ್ಡರ್‌ನ ಪೂರ್ತಿ ದಾರಿಯನ್ನು ಅದರಲ್ಲಿ ಕೊಡುತ್ತದೆ. ಅದೂ ಇಲ್ಲದಿದ್ದರೆ ಬಿಲ್ಡ್ ಮಾಡುವಾಗ ಇಟ್ಟ ಡಿಫಾಲ್ಟ್. ಫೋಲ್ಡರ್ ಇಲ್ಲದಿದ್ದರೆ ಅರ್ಥವಾಗುವ ಎರರ್ ಕೊಟ್ಟು ನಿಲ್ಲಬೇಕು. ಸದ್ದಿಲ್ಲದೆ /ಟೆಂಪ್‌ಗೆ ಓಡಿಹೋಗುವ ಪ್ರೋಗ್ರಾಂಗಳು ನನಗೆ ಇಷ್ಟವಿಲ್ಲ, ಅಂಥವುಗಳ ಸಾಕೆಟ್ ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತದೆ.

ಓಪನ್‌ಆರ್‌ಸಿಯಲ್ಲಿ ಇದೇ ಕೆಲಸಕ್ಕೆ ಚೆಕ್‌ಪಾತ್ ಇದೆ. ಸ್ಟಾರ್ಟ್_ಪ್ರಿ ಒಳಗೆ ಒಂದು ಸಾಲು ಹಾಕಿದರೆ ಫೋಲ್ಡರ್, ಮೋಡ್, ಓನರ್ ಮೂರನ್ನೂ ಸರಿಮಾಡುತ್ತದೆ. ಫೋಲ್ಡರ್ ಮಾಡುವುದು ಸರ್ವಿಸ್ ಶುರುಮಾಡುವವರ ಕೆಲಸ, ಸರ್ವಿಸ್‌ನದಲ್ಲ ಅನ್ನುವುದನ್ನು ನಾನೂ ಒಪ್ಪುತ್ತೇನೆ. ಆ ಶುರುಮಾಡುವವರು ಯಾರು ಅನ್ನುವುದು ಮಾತ್ರ ಪ್ರೋಗ್ರಾಂಗೆ ಗೊತ್ತಿರಬಾರದು.

ಡೆಬ್‌ಕಟ್ಟುವವ

ಒಪ್ಪಿದೆ. ಪ್ಯಾಕೇಜ್ ಮಾಡುವವರಿಗೂ ಅದೇ ಸುಲಭ.

ಕಡಲತೀರ

/ವಾರ್/ರನ್ ಮತ್ತು /ರನ್ ಗೊಂದಲ ಎಲ್ಲಿಂದ ಬಂತು ಅಂತ ಹೇಳುತ್ತೇನೆ, ಈ ಕಥೆ ಗೊತ್ತಿದ್ದರೆ ಹಳೆ ಉತ್ತರಗಳನ್ನು ಓದುವಾಗ ತಲೆ ಕೆಡುವುದಿಲ್ಲ.

ಮೊದಲು ಎಲ್ಲರೂ /ವಾರ್/ರನ್ ಬಳಸುತ್ತಿದ್ದರು. 2004ರ ಎಫ್‌ಎಚ್‌ಎಸ್ 2.3 ಕೂಡ ಅದನ್ನೇ ಹೇಳಿತ್ತು, ಬೂಟ್‌ನಲ್ಲಿ ಅದರ ಒಳಗಿನ ಫೈಲುಗಳನ್ನು ಅಳಿಸಬೇಕು ಅಂತಲೂ ಇತ್ತು. ತೊಂದರೆ ಎಲ್ಲಿ ಅಂದರೆ, /ವಾರ್ ಬೇರೆ ಪಾರ್ಟಿಷನ್‌ನಲ್ಲಿರಬಹುದು, ನೆಟ್‌ವರ್ಕ್‌ನಿಂದ ಬರಬಹುದು. ಬೂಟ್‌ನ ಮೊದಲ ಹಂತದಲ್ಲಿ ಅದು ಇನ್ನೂ ಮೌಂಟ್ ಆಗಿರುವುದಿಲ್ಲ. ಡಿವೈಸ್‌ಗಳನ್ನು ನೋಡಿಕೊಳ್ಳುವ ಯುಡೆವ್‌ನಂಥ ಪ್ರೋಗ್ರಾಂಗಳಿಗೆ ಆಗಲೇ ಬರೆಯಲು ಜಾಗ ಬೇಕು. ಎಲ್ಲಿ ಬರೆಯುವುದು? /ಡೆವ್ ಆ ಹೊತ್ತಿಗೆ ಇರುತ್ತದೆ, ಬರೆಯಲೂ ಬರುತ್ತದೆ. ಹಾಗಾಗಿ /ಡೆವ್ ಒಳಗೆ ಚುಕ್ಕಿಯಿಂದ ಶುರುವಾಗುವ ಅಡಗಿದ ಫೋಲ್ಡರ್‌ಗಳು ಹುಟ್ಟಿಕೊಂಡವು. ಯುಡೆವ್‌ನದೊಂದು, ರೇಡ್ ಡಿಸ್ಕ್‌ಗಳನ್ನು ನೋಡಿಕೊಳ್ಳುವ ಎಮ್‌ಡಿಎಡಿಎಮ್‌ನದೊಂದು, ಸಿಸ್ಟಮ್‌ಡಿಯದೊಂದು. ಡೆಬಿಯನ್‌ನಲ್ಲಿ /ಲಿಬ್/ಇನಿಟ್/ಆರ್‌ಡಬ್ಲ್ಯೂ ಅಂತ ಇನ್ನೊಂದು ಟೆಂಪ್‌ಎಫ್‌ಎಸ್ ಇತ್ತು. ಡಿವೈಸ್‌ಗಳಿಗೆ ಇರುವ ಜಾಗದಲ್ಲಿ ಸಾಮಾನ್ಯ ಫೈಲುಗಳು ತುಂಬಿಕೊಂಡವು.

2011ರ ಮಾರ್ಚ್ ಕೊನೆಗೆ ಸಿಸ್ಟಮ್‌ಡಿ ಬರೆದವರಲ್ಲಿ ಒಬ್ಬರಾದ ಲೆನಾರ್ಟ್ ಪಾಟರಿಂಗ್ ಫೆಡೋರಾದ ಮೇಲ್ ಪಟ್ಟಿಯಲ್ಲಿ /ರನ್ ಬರುತ್ತಿದೆ ಅಂತ ಬರೆದರು. ಬೇರೆ ದೊಡ್ಡ ಡಿಸ್ಟ್ರೋಗಳವರ ಜೊತೆ ಮೊದಲೇ ಮಾತಾಗಿತ್ತು. ಅದೇ ವರ್ಷ ಫೆಡೋರಾ 15ರಲ್ಲಿ ಬಂತು, ಉಬುಂಟು 11.10ರಲ್ಲಿ ಬಂತು. ಡೆಬಿಯನ್‌ನಲ್ಲಿ 2013ರ ವೀಜಿ (ಡೆಬಿಯನ್ 7) ಹೊತ್ತಿಗೆ ಬಂತು. /ವಾರ್/ರನ್ ಈಗ /ರನ್‌ಗೆ ಹೋಗುವ ಸಿಮ್‌ಲಿಂಕ್ ಅಷ್ಟೇ. ಹಳೆ ಪ್ರೋಗ್ರಾಂಗಳು ಕೆಡದೆ ಓಡಲಿ ಅಂತ ಇಟ್ಟಿದ್ದಾರೆ. 2015ರಲ್ಲಿ ಬಂದ ಎಫ್‌ಎಚ್‌ಎಸ್ 3.0 /ರನ್ ಅನ್ನು ಅಧಿಕೃತ ಮಾಡಿತು.

ಹಾಗಾಗಿ ಎರಡೂ ಒಂದೇ ಜಾಗ. ಹೊಸದಾಗಿ ಬರೆಯುವಾಗ /ರನ್ ಅಂತಲೇ ಬರೆಯಿರಿ. ಯುನಿಟ್ ಫೈಲ್‌ನಲ್ಲಿ ಪಿಐಡಿ ಫೈಲ್‌ಗೆ /ವಾರ್/ರನ್ ಅಂತ ಕೊಟ್ಟಿದ್ದರೆ, ಇದು ಹಳೆ ಫೋಲ್ಡರ್, ಯುನಿಟ್ ತಿದ್ದಿಕೊಳ್ಳಿ ಅಂತ ಸಿಸ್ಟಮ್‌ಡಿ ಜರ್ನಲ್‌ನಲ್ಲಿ ಹೇಳುತ್ತದೆ. ಆ ಸಾಲು ನೋಡಿ ಹೆದರುವವರು ಬಹಳ. ಸರ್ವಿಸ್‌ಗೆ ಏನೂ ಆಗುವುದಿಲ್ಲ, ಸಿಸ್ಟಮ್‌ಡಿ ತಾನೇ /ರನ್ ಅಂತ ಓದಿಕೊಂಡು ಮುಂದೆ ಹೋಗಿರುತ್ತದೆ.

ಹಾಸ್ಟೆಲ್‌ರೂಮ್

ನನ್ನ ಪ್ರಶ್ನೆ ಸ್ವಲ್ಪ ಬೇರೆ. ಕಾಲೇಜಿನ ಲ್ಯಾಬ್ ಮೆಷಿನ್‌ನಲ್ಲಿ ರೂಟ್ ಸಿಗುವುದಿಲ್ಲ. ನನ್ನದೇ ಅಕೌಂಟ್‌ನಲ್ಲಿ ಒಂದು ಸಣ್ಣ ಸರ್ವಿಸ್ ಓಡಿಸಬೇಕು. ಹೋಮ್ ಫೋಲ್ಡರ್ ಎನ್‌ಎಫ್‌ಎಸ್‌ನಲ್ಲಿದೆ, ಅಂದರೆ ನೆಟ್‌ವರ್ಕ್ ಮೂಲಕ ಬರುತ್ತದೆ. ಸಾಕೆಟ್ ಎಲ್ಲಿಡಲಿ?

ಸರ್ವರ್‌ಕೋಣೆ

ಹೋಮ್‌ನಲ್ಲಿ ಇಡಬೇಡ. ಎನ್‌ಎಫ್‌ಎಸ್ ಹೋಮ್ ನಾಲ್ಕು ಮೆಷಿನ್‌ನಲ್ಲಿ ಒಂದೇ ಸಲ ಕಾಣುತ್ತದೆ, ಆದರೆ ಸಾಕೆಟ್‌ನ ಆ ಕಡೆಯ ಪ್ರೊಸೆಸ್ ಇರುವುದು ಒಂದೇ ಮೆಷಿನ್‌ನಲ್ಲಿ. ಒಂದರಲ್ಲಿ ಬರೆದ ಪಿಐಡಿ ಇನ್ನೊಂದರಲ್ಲಿ ಸುಳ್ಳಾಗುತ್ತದೆ.

ನಿನಗೆ ಬೇಕಾದ್ದು ಎಕ್ಸ್‌ಡಿಜಿ_ರನ್‌ಟೈಮ್_ಡಿರ್ ಅನ್ನುವ ವೇರಿಯಬಲ್ ತೋರಿಸುವ ಫೋಲ್ಡರ್. ಸಾಮಾನ್ಯವಾಗಿ ಅದು /ರನ್/ಯೂಸರ್/1000 ತರಹ ಇರುತ್ತದೆ, ಕೊನೆಯಲ್ಲಿ ನಿನ್ನ ಯುಐಡಿ (ಯೂಸರ್ ನಂಬರ್). ಲಾಗಿನ್ ಆದಾಗ ಬರುತ್ತದೆ, ಮೋಡ್ 0700, ನಿನ್ನನ್ನು ಬಿಟ್ಟರೆ ಬೇರೆ ಮಾಮೂಲಿ ಯೂಸರ್‌ಗಳು ಒಳಗೆ ಬರಲಾರರು. ಅದು ಆ ಮೆಷಿನ್‌ನ ಸ್ಥಳೀಯ ಫೈಲ್ ಸಿಸ್ಟಮ್‌ನಲ್ಲೇ ಇರಬೇಕು, ಬೇರೆ ಮೆಷಿನ್ ಜೊತೆ ಹಂಚಿಕೊಂಡಿರಬಾರದು ಅಂತ ಎಕ್ಸ್‌ಡಿಜಿ ಸ್ಪೆಸಿಫಿಕೇಶನ್ನೇ ಹೇಳುತ್ತದೆ.

ಎರಡು ಕಡೆ ಜನ ಎಡವುತ್ತಾರೆ. ನಿನ್ನ ಕೊನೆಯ ಸೆಷನ್ ಮುಗಿದಾಗ ಆ ಫೋಲ್ಡರ್ ಹೋಗುತ್ತದೆ, ಯೂಸರ್ ಸರ್ವಿಸ್‌ಗಳೂ ನಿಲ್ಲುತ್ತವೆ. ಲಾಗೌಟ್ ಆದ ಮೇಲೂ ಓಡಬೇಕಿದ್ದರೆ ಲಾಗಿನ್‌ಸಿಟಿಎಲ್‌ನಲ್ಲಿ ಲಿಂಗರ್ ಆನ್ ಮಾಡಬೇಕು. ಅದಕ್ಕೆ ಅನುಮತಿ ಇದೆಯಾ ಅಂತ ಲ್ಯಾಬ್‌ನವರನ್ನು ಕೇಳು. ಇನ್ನೊಂದು, ಕ್ರಾನ್‌ನಿಂದ (ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವುದು) ಅಥವಾ ಎಸ್‌ಯು ಮಾಡಿ (ಯೂಸರ್ ಬದಲಿಸಿ) ಬಂದ ಶೆಲ್‌ನಿಂದ ಓಡಿಸಿದರೆ ಈ ವೇರಿಯಬಲ್ ಇಲ್ಲದಿರಬಹುದು. ಅದು ಇಲ್ಲದಿದ್ದಾಗ ಏನು ಮಾಡುತ್ತೀಯ ಅಂತ ಮೊದಲೇ ಯೋಚಿಸಿ ಕೋಡ್ ಬರೆ.

ಉಳಿಯಬೇಕಾದ ಡೇಟಾಗೆ ಎಕ್ಸ್‌ಡಿಜಿ_ಸ್ಟೇಟ್_ಹೋಮ್ ಇದೆ, 2021ರಲ್ಲಿ ಸ್ಪೆಸಿಫಿಕೇಶನ್‌ಗೆ ಸೇರಿತು. ಹೋಮ್ ಒಳಗೆ .ಲೋಕಲ್/ಸ್ಟೇಟ್ ಅದರ ಡಿಫಾಲ್ಟ್. ಎಸ್‌ಕ್ಯುಎಲ್‌ಲೈಟ್ ಆದರೆ ಎನ್‌ಎಫ್‌ಎಸ್ ಮೇಲೆ ಇಡಬೇಡ, ಲಾಕ್‌ಗಳನ್ನು ನಂಬುವ ಹಾಗಿಲ್ಲ.

ಹಾಸ್ಟೆಲ್‌ರೂಮ್

ಥ್ಯಾಂಕ್ಸ್ ಅಕ್ಕ. ಲಿಂಗರ್ ಬಗ್ಗೆ ನಾಳೆ ಕೇಳುತ್ತೇನೆ.

ಡಬ್ಲಿನ್‌ಕನ್ನಡಿಗ

ಪಿಐಡಿ ಫೈಲ್ ಬಗ್ಗೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೇನೆ. ಅದನ್ನು ಎಲ್ಲಿಡಬೇಕು ಅನ್ನುವ ಬದಲು, ಬೇಕಾ ಅಂತ ಕೇಳಿ.

ಸಿಸ್ಟಮ್‌ಡಿ ಕೆಳಗೆ ಫೋರ್ಕ್ ಆಗದೆ (ತನ್ನ ಪ್ರತಿಯನ್ನು ಹಿನ್ನೆಲೆಗೆ ಬಿಟ್ಟು ತಾನು ನಿಲ್ಲದೆ) ಮುಂದೆಯೇ ಓಡುವ ಸರ್ವಿಸ್‌ಗೆ ಪಿಐಡಿ ಫೈಲ್ ಬೇಡವೇ ಬೇಡ. ಶುರುಮಾಡಿದ್ದು ಅದೇ, ಆದ್ದರಿಂದ ಯಾವ ಪ್ರೊಸೆಸ್ ಅಂತ ಅದಕ್ಕೆ ಗೊತ್ತು. ಅದು ಹುಟ್ಟಿಸಿದ ಮಕ್ಕಳು ಪ್ರೊಸೆಸ್‌ಗಳನ್ನು ಸಿಗ್ರೂಪ್ (ಪ್ರೊಸೆಸ್‌ಗಳನ್ನು ಗುಂಪು ಮಾಡುವ ಕರ್ನಲ್ ವ್ಯವಸ್ಥೆ) ಮೂಲಕ ಹಿಡಿದಿಟ್ಟುಕೊಂಡಿರುತ್ತದೆ. ಫೋರ್ಕಿಂಗ್ ಟೈಪ್‌ನ ಹಳೆ ಸರ್ವಿಸ್‌ಗೆ ಮಾತ್ರ ಪಿಐಡಿ ಫೈಲ್ ಕೊಡಬೇಕು.

ನಾನು ಕೆಲಸದಲ್ಲಿ ದಿನಾ ನೋಡುವುದು ಕಂಟೇನರ್‌ಗಳನ್ನು. ಅಲ್ಲಿ ಪಿಐಡಿ ಫೈಲ್ ನಿಜಕ್ಕೂ ಕಾಡುತ್ತದೆ. ಡಾಕರ್ ತಾನಾಗಿ /ರನ್ ಮೇಲೆ ಟೆಂಪ್‌ಎಫ್‌ಎಸ್ ಹಾಕುವುದಿಲ್ಲ. ಅದು ಕಂಟೇನರ್‌ನ ಬರೆಯುವ ಪದರದಲ್ಲೇ ಇರುತ್ತದೆ. ಕಂಟೇನರ್ ಥಟ್ಟನೆ ಸತ್ತು, ಅದನ್ನೇ ಮತ್ತೆ ಸ್ಟಾರ್ಟ್ ಮಾಡಿದರೆ ಹಳೆ ಪಿಐಡಿ ಫೈಲ್ ಅಲ್ಲೇ ಕಾಯುತ್ತಿರುತ್ತದೆ. ಅದರಲ್ಲಿರುವ ನಂಬರ್ ಹೆಚ್ಚಾಗಿ 1, ಕಂಟೇನರ್‌ನ ಮೊದಲ ಪ್ರೊಸೆಸ್‌ಗೆ ಸಿಗುವುದು ಅದೇ. ಹೊಸದಾಗಿ ಶುರುವಾದ ಪ್ರೋಗ್ರಾಂ ನೋಡುತ್ತದೆ: ಪ್ರೊಸೆಸ್ 1 ಬದುಕಿದೆಯಾ? ಬದುಕಿದೆ. ಅದು ತಾನೇ ಅಂತ ಅದಕ್ಕೆ ಗೊತ್ತಿಲ್ಲ. ಇನ್ನೊಂದು ಪ್ರತಿ ಆಗಲೇ ಓಡುತ್ತಿದೆ ಅಂತ ಹೇಳಿ ನಿಂತುಬಿಡುತ್ತದೆ. ರೈಲ್ಸ್ ಅನ್ನುವ ವೆಬ್ ಫ್ರೇಮ್‌ವರ್ಕ್‌ನ ಸರ್ವರ್ ಪಿಐಡಿ ಫೈಲ್‌ನಿಂದ ಈ ತಲೆನೋವು ಅನುಭವಿಸಿದವರು ಇಲ್ಲೂ ಇರಬಹುದು. ಪರಿಹಾರ ಎರಡು: ಕಂಟೇನರ್‌ನಲ್ಲಿ ಪಿಐಡಿ ಫೈಲ್ ಬರೆಯುವುದನ್ನೇ ಆಫ್ ಮಾಡಿ, ಇಲ್ಲವೇ /ರನ್‌ಗೆ ಟೆಂಪ್‌ಎಫ್‌ಎಸ್ ಕೊಡಿ.

ಒಂದೇ ಪ್ರತಿ ಓಡಬೇಕು ಅನ್ನುವುದಷ್ಟೇ ಗುರಿಯಾದರೆ /ರನ್ ಒಳಗೆ ಒಂದು ಲಾಕ್ ಫೈಲ್ ತೆರೆದು ಫ್ಲಾಕ್ ಹಿಡಿಯಿರಿ. ಪ್ರೊಸೆಸ್ ಹೇಗೇ ಸತ್ತರೂ ಕರ್ನಲ್ ಲಾಕ್ ಬಿಡಿಸುತ್ತದೆ. ಫೈಲ್ ಉಳಿದರೂ ಚಿಂತೆಯಿಲ್ಲ. ಹೊರಗೆ ಹೋಗುವಾಗ ಆ ಫೈಲ್ ಅಳಿಸಬೇಡಿ, ಅಳಿಸುವ ಗಳಿಗೆಯಲ್ಲಿ ಇನ್ನೊಬ್ಬ ಹಳೆ ಫೈಲನ್ನೂ ಮತ್ತೊಬ್ಬ ಹೊಸ ಫೈಲನ್ನೂ ಲಾಕ್ ಮಾಡಿ ಇಬ್ಬರೂ ಓಡಬಹುದು.

ಕಡಲತೀರ

ಪಿಐಡಿ ಫೈಲ್ ಯಾವಾಗಲೂ /ರನ್‌ಗೇ ಅನ್ನುವುದಕ್ಕೆ ಒಂದು ಒಳ್ಳೆಯ ಅಪವಾದವಿದೆ, ಪೋಸ್ಟ್‌ಗ್ರೆಸ್ ಡೇಟಾಬೇಸ್. ಅದರ ಪೋಸ್ಟ್‌ಮಾಸ್ಟರ್.ಪಿಐಡಿ ಇರುವುದು ಡೇಟಾ ಫೋಲ್ಡರ್ ಒಳಗೇ. ಯಾಕೆಂದರೆ ಅಲ್ಲಿ ಕಾಯಬೇಕಿರುವುದು ಡೇಟಾವನ್ನು. ಒಂದೇ ಡೇಟಾ ಫೋಲ್ಡರ್ ಮೇಲೆ ಎರಡು ಸರ್ವರ್ ಶುರುವಾದರೆ ಡೇಟಾಬೇಸ್ ಹಾಳಾಗುತ್ತದೆ. ಹಾಗಾಗಿ ಬೀಗ ಡೇಟಾದ ಜೊತೆಗೇ ಇರಬೇಕು. ಒಂದೇ ಮೆಷಿನ್‌ನಲ್ಲಿ ಹತ್ತು ಪೋಸ್ಟ್‌ಗ್ರೆಸ್ ಓಡಬಹುದು, ಪ್ರತಿಯೊಂದಕ್ಕೂ ಅದರದೇ ಫೋಲ್ಡರ್, ಅದರದೇ ಬೀಗ.

ಸಾಕೆಟ್ ವಿಷಯದಲ್ಲೂ ಅದು ಪಾಠ ಕಲಿಸುತ್ತದೆ. ಮೂಲ ಸೋರ್ಸ್‌ನಿಂದ ಬಿಲ್ಡ್ ಮಾಡಿದರೆ ಪೋಸ್ಟ್‌ಗ್ರೆಸ್‌ನ ಡಿಫಾಲ್ಟ್ ಸಾಕೆಟ್ ಜಾಗ /ಟೆಂಪ್. ಡೆಬಿಯನ್ ಅದನ್ನು /ವಾರ್/ರನ್/ಪೋಸ್ಟ್‌ಗ್ರೆಸ್‌ಕ್ಯುಎಲ್‌ಗೆ ಬದಲಿಸಿದೆ. ಸರ್ವರ್ ಡೆಬಿಯನ್‌ದು, ಪಿಎಸ್‌ಕ್ಯುಎಲ್ ಕ್ಲೈಂಟ್ ನೀವೇ ಬಿಲ್ಡ್ ಮಾಡಿದ್ದು ಅಂದುಕೊಳ್ಳಿ. ಕ್ಲೈಂಟ್ /ಟೆಂಪ್‌ನಲ್ಲಿ ಹುಡುಕಿ, ಸರ್ವರ್ ಓಡುತ್ತಿದೆಯಾ ಅಂತ ಕೇಳುತ್ತದೆ. ಸರ್ವರ್ ಆರಾಮಾಗಿ ಓಡುತ್ತಿರುತ್ತದೆ. ಹೋಸ್ಟ್ ಹೆಸರಿನ ಜಾಗದಲ್ಲಿ ಆ ಫೋಲ್ಡರ್‌ನ ದಾರಿ ಕೊಟ್ಟರೆ ತಕ್ಷಣ ಸಿಗುತ್ತದೆ. ಸಾಕೆಟ್‌ನ ಜಾಗ ಅನ್ನುವುದು ಎರಡು ಪ್ರೋಗ್ರಾಂಗಳ ನಡುವಿನ ಒಪ್ಪಂದ. ಒಬ್ಬರೇ ಬದಲಿಸಿದರೆ ಆಗದು.

ದಾರಿ ಉದ್ದ ಮಾಡಬೇಡಿ. ಲಿನಕ್ಸ್‌ನಲ್ಲಿ ಸಾಕೆಟ್ ದಾರಿಗೆ ಇರುವ ಜಾಗ 108 ಬೈಟ್. ಉದ್ದುದ್ದ ಹೋಮ್ ಫೋಲ್ಡರ್ ಒಳಗೆ ಇಟ್ಟವರು ಈ ಗೋಡೆಗೆ ಹಾಯುತ್ತಾರೆ.

ಅಡಿಕೆತೋಟ

ಅದ್ಭುತ ಮಾಹಿತಿ. ಪಿಐಡಿ ಫೈಲ್ ತೆಗೆದೇಬಿಡುತ್ತೇನೆ.

ಸಾಕೆಟ್ ಬಗ್ಗೆ ಇನ್ನೊಂದು ಪ್ರಶ್ನೆ. ವೆಬ್ ಪುಟ ಬೇರೆ ಸರ್ವಿಸ್, ಬೇರೆ ಯೂಸರ್. ಅದಕ್ಕೂ ಯುನಿಟ್‌ನಲ್ಲಿ ರನ್‌ಟೈಮ್‌ಡೈರೆಕ್ಟರಿ=ಮಳೆ ಅಂತಲೇ ಹಾಕಿದರೆ ಇಬ್ಬರೂ /ರನ್/ಮಳೆ ಹಂಚಿಕೊಳ್ಳಬಹುದು ಅಲ್ವಾ?

ಡೆಬ್‌ಕಟ್ಟುವವ

ದಯವಿಟ್ಟು ಹಾಗೆ ಮಾಡಬೇಡಿ ಸರ್. ಇದು ಬಹಳ ಜನ ಬೀಳುವ ಹಳ್ಳ.

ನೀವು ವೆಬ್ ಪುಟದ ಸರ್ವಿಸ್ ನಿಲ್ಲಿಸಿದಿರಿ ಅಂದುಕೊಳ್ಳಿ. ಅದರ ರನ್‌ಟೈಮ್‌ಡೈರೆಕ್ಟರಿ ಅಂತ ಸಿಸ್ಟಮ್‌ಡಿ ಪೂರ್ತಿ /ರನ್/ಮಳೆ ಫೋಲ್ಡರನ್ನೇ ಅಳಿಸುತ್ತದೆ. ಒಳಗಿದ್ದ ಸೆನ್ಸರ್ ಸರ್ವಿಸ್‌ನ ಸಾಕೆಟ್ ಕೂಡ ಹೋಗುತ್ತದೆ. ಸೆನ್ಸರ್ ಸರ್ವಿಸ್ ಮಾತ್ರ ಓಡುತ್ತಲೇ ಇರುತ್ತದೆ, ಸ್ಟೇಟಸ್‌ನಲ್ಲಿ ಹಸಿರು ಚುಕ್ಕಿಯೇ ಕಾಣುತ್ತದೆ, ಆದರೆ ಹೊಸದಾಗಿ ಯಾರೂ ಅದನ್ನು ಮುಟ್ಟಲಾರರು. ಲಾಗ್‌ನಲ್ಲೂ ಏನೂ ಇರುವುದಿಲ್ಲ. ಮೇಲಿಂದ, ಯೂಸರ್‌ಗಳು ಬೇರೆ ಬೇರೆ ಆದ್ದರಿಂದ ಆ ಫೋಲ್ಡರ್‌ನ ಓನರ್ ಯಾರು ಅನ್ನುವ ಜಗಳವೂ ಇರುತ್ತದೆ.

ಸರಿಯಾದ ದಾರಿ: /ರನ್/ಮಳೆ ಸೆನ್ಸರ್ ಸರ್ವಿಸ್‌ಗೆ ಮಾತ್ರ ಸೇರಿದ್ದು. ಒಂದು ಗ್ರೂಪ್ ಮಾಡಿ, ವೆಬ್ ಯೂಸರ್‌ನನ್ನು ಅದಕ್ಕೆ ಸೇರಿಸಿ. ಫೋಲ್ಡರ್ 0750, ಸಾಕೆಟ್ 0660, ಎರಡಕ್ಕೂ ಅದೇ ಗ್ರೂಪ್. ಕನೆಕ್ಟ್ ಆಗಲು ಸಾಕೆಟ್ ಮೇಲೆ ಬರೆಯುವ ಅನುಮತಿ ಬೇಕು, ಬರೀ ಓದುವುದು ಸಾಲದು.

ನಿಜಕ್ಕೂ ಇಬ್ಬರಿಗೂ ಸೇರಿದ ಫೋಲ್ಡರ್ ಬೇಕಿದ್ದರೆ ಯುನಿಟ್ ಬಿಟ್ಟು ಟೆಂಪ್‌ಫೈಲ್ಸ್.ಡಿಯಲ್ಲಿ ಒಂದು ಸಾಲು ಬರೆಯಿರಿ. ಬೂಟ್‌ನಲ್ಲಿ ಅದು ಫೋಲ್ಡರ್ ಮಾಡುತ್ತದೆ, ಯಾವ ಸರ್ವಿಸ್ ನಿಂತರೂ ಅಳಿಸುವುದಿಲ್ಲ. ಪ್ಯಾಕೇಜ್‌ನ ಸಾಲು /ಯುಎಸ್‌ಆರ್/ಲಿಬ್/ಟೆಂಪ್‌ಫೈಲ್ಸ್.ಡಿಯಲ್ಲಿ, ನೀವೇ ಬರೆಯುವುದು /ಇಟಿಸಿ/ಟೆಂಪ್‌ಫೈಲ್ಸ್.ಡಿಯಲ್ಲಿ.

ಸರ್ವರ್‌ಕೋಣೆ

ಅದಕ್ಕಿಂತ ಚೆಂದದ ದಾರಿ ಸಾಕೆಟ್ ಯುನಿಟ್. ಮಳೆ.ಸಾಕೆಟ್ ಅಂತ ಇನ್ನೊಂದು ಯುನಿಟ್ ಮಾಡಿ, ಲಿಸನ್‌ಸ್ಟ್ರೀಮ್‌ನಲ್ಲಿ ದಾರಿ, ಜೊತೆಗೆ ಸಾಕೆಟ್‌ಗ್ರೂಪ್, ಸಾಕೆಟ್‌ಮೋಡ್ ಕೊಡಿ. ಸಾಕೆಟ್ ತೆರೆಯುವುದು ಸಿಸ್ಟಮ್‌ಡಿ, ನಿಮ್ಮ ಪ್ರೋಗ್ರಾಂಗೆ ಅದು ಫೈಲ್ ಡಿಸ್ಕ್ರಿಪ್ಟರ್ 3 ಆಗಿ ಸಿಗುತ್ತದೆ. ನಿಮ್ಮ ಸರ್ವಿಸ್ ರೀಸ್ಟಾರ್ಟ್ ಆಗುತ್ತಿರುವಾಗ ವೆಬ್ ಪುಟ ಬಂದು ತಟ್ಟಿದರೂ ಕನೆಕ್ಷನ್ ಕಾಯುತ್ತದೆ, ಮುರಿಯುವುದಿಲ್ಲ. ಆದರೆ ಆ ಸಾಕೆಟನ್ನು /ರನ್/ಮಳೆ ಒಳಗೆ ಇಡಬೇಡಿ, ಸರ್ವಿಸ್ ನಿಂತಾಗ ಫೋಲ್ಡರ್ ಜೊತೆ ಅದೂ ಹೋಗುತ್ತದೆ. ನೇರವಾಗಿ /ರನ್/ಮಳೆ.ಸಾಕ್ ಅಂತ ಇಡಿ.

ಇಷ್ಟು ಹೊತ್ತಾದರೂ /ಟೆಂಪ್‌ನ ಸುರಕ್ಷತೆ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ನಾನೇ ಹೇಳುತ್ತೇನೆ. /ಟೆಂಪ್‌ನಲ್ಲಿ ಎಲ್ಲರೂ ಬರೆಯಬಹುದು. ನಿಮ್ಮ ಸರ್ವಿಸ್ ಬಳಸುವ ಹೆಸರು ಮೊದಲೇ ಗೊತ್ತಿದ್ದರೆ, ಅದೇ ಮೆಷಿನ್‌ನ ಇನ್ನೊಬ್ಬ ಯೂಸರ್ ಮೊದಲೇ ಆ ಹೆಸರಿನಲ್ಲಿ ಸಿಮ್‌ಲಿಂಕ್ ಇಟ್ಟು, ನೀವು ಬೇರೆ ಯಾವುದೋ ಫೈಲ್ ಮೇಲೆ ಬರೆಯುವ ಹಾಗೆ ಮಾಡಬಹುದು. ಅಥವಾ ತನ್ನದೇ ಸಾಕೆಟ್ ತೆರೆದು ಕೂರಬಹುದು, ವೆಬ್ ಪುಟ ಅವನ ಜೊತೆ ಮಾತಾಡುತ್ತದೆ. 2012ರ ಕರ್ನಲ್ 3.6ರಲ್ಲಿ ಸಿಮ್‌ಲಿಂಕ್ ಮತ್ತು ಹಾರ್ಡ್‌ಲಿಂಕ್ ರಕ್ಷಣೆ ಬಂತು, 2018ರ 4.19ರಲ್ಲಿ ಮಾಮೂಲಿ ಫೈಲು ಮತ್ತು ಫಿಫೋಗಳಿಗೂ ಬಂತು. ಆದರೂ ಹೆಸರನ್ನು ಮೊದಲೇ ಹಿಡಿದು ನಿಮ್ಮ ಸರ್ವಿಸ್ ಶುರುವಾಗದ ಹಾಗೆ ಮಾಡುವುದನ್ನು ಇವು ತಡೆಯುವುದಿಲ್ಲ. /ರನ್/ಮಳೆ ಒಳಗೆ ನೀವು ಬಿಟ್ಟವರು ಮಾತ್ರ ಬರುತ್ತಾರೆ, ಈ ಪ್ರಶ್ನೆಯೇ ಬರುವುದಿಲ್ಲ.

ಪ್ರೈವೇಟ್‌ಟೆಂಪ್=ಎಸ್ ಹಾಕಿ, ಒಳ್ಳೆಯದು. ಆಗ ನಿಮ್ಮ ಸರ್ವಿಸ್‌ಗೆ ಅದರದೇ /ಟೆಂಪ್ ಸಿಗುತ್ತದೆ. ಅಲ್ಲಿಟ್ಟ ಸಾಕೆಟ್ ಬೇರೆ ಯಾರಿಗೂ ಕಾಣುವುದಿಲ್ಲ ಅನ್ನುವುದು ನೆನಪಿರಲಿ.

ಸಣ್ಣಲಿನಕ್ಸ್

/ರನ್ ಮೆಮರಿಯಲ್ಲಿದೆ, ವೇಗವಾಗಿದೆ ಅಂತ ದೊಡ್ಡ ಫೈಲುಗಳನ್ನು ಅಲ್ಲಿ ಸುರಿಯುವವರನ್ನು ನೋಡಿದ್ದೇನೆ. ಅದು ಎಲ್ಲರಿಗೂ ಸೇರಿದ ಜಾಗ. ಗಾತ್ರಕ್ಕೆ ಮಿತಿ ಇರುತ್ತದೆ, ಮೆಮರಿಯ ಒಂದು ಪಾಲು ಅಷ್ಟೇ. ಒಂದು ಸರ್ವಿಸ್ ತುಂಬಿಸಿದರೆ ಬೇರೆ ಸರ್ವಿಸ್‌ಗಳಿಗೆ ಸಾಕೆಟ್ ಮಾಡಲೂ ಜಾಗವಿಲ್ಲ. ಸಿಸ್ಟಮ್‌ಡಿ ಕೂಡ /ರನ್‌ನಲ್ಲಿ 16 ಎಂಬಿ ಖಾಲಿ ಇಲ್ಲದಿದ್ದರೆ ರೀಲೋಡ್ ಆಗಲು ಒಪ್ಪುವುದಿಲ್ಲ. ಮುನ್ಸೂಚನೆಯ ಪ್ರತಿಗಳು ಅಲ್ಲಿಗೆ ಹೋಗಬಾರದು ಅನ್ನುವುದಕ್ಕೆ ಇದೇ ಕಾರಣ.

ಡಬ್ಲಿನ್‌ಕನ್ನಡಿಗ

ಕರೆಂಟ್ ಹೋಗುವ ಊರಾದ್ದರಿಂದ /ವಾರ್/ಲಿಬ್ ಒಳಗೆ ಹೇಗೆ ಬರೆಯುತ್ತೀರಿ ಅನ್ನುವುದೂ ಮುಖ್ಯ. ಕ್ಯೂ ಎಸ್‌ಕ್ಯುಎಲ್‌ಲೈಟ್‌ನಲ್ಲಿರುವುದು ಒಳ್ಳೆಯದಾಯಿತು. ವಾಲ್ ಮೋಡ್‌ನಲ್ಲಿದ್ದರೆ (ಬದಲಾವಣೆಯನ್ನು ಮೊದಲು ಪಕ್ಕದ ಫೈಲ್‌ಗೆ ಬರೆಯುವ ಕ್ರಮ) ಸಿಂಕ್ರನಸ್ ಸೆಟ್ಟಿಂಗ್ ನೋಡಿ. ನಾರ್ಮಲ್ ಇದ್ದರೆ ಕರೆಂಟ್ ಹೋದಾಗ ಡೇಟಾಬೇಸ್ ಕೆಡುವುದಿಲ್ಲ, ಆದರೆ ಕೊನೆಯ ಕೆಲವು ಅಂಕಿಗಳು ಹೋಗಬಹುದು. ಫುಲ್ ಇದ್ದರೆ ಕಮಿಟ್ ಆದದ್ದು ಉಳಿಯುತ್ತದೆ. ನಿಮಿಷಕ್ಕೊಂದು ಅಂಕಿ ಬರೆಯುವ ಸರ್ವಿಸ್‌ಗೆ ಫುಲ್ ಭಾರವಲ್ಲ.

ಬೇರೆ ಸಣ್ಣ ಸ್ಟೇಟ್ ಫೈಲ್ ಇದ್ದರೆ, ಹೊಸದನ್ನು ಅದೇ ಫೋಲ್ಡರ್‌ನಲ್ಲಿ ಬೇರೆ ಹೆಸರಿನಲ್ಲಿ ಬರೆದು, ಎಫ್‌ಸಿಂಕ್ ಮಾಡಿ (ಡಿಸ್ಕ್‌ಗೆ ಇಳಿಯುವ ತನಕ ಕಾಯುವುದು), ಆಮೇಲೆ ರೀನೇಮ್ ಮಾಡಿ. /ಟೆಂಪ್‌ನಲ್ಲಿ ಬರೆದು /ವಾರ್/ಲಿಬ್‌ಗೆ ರೀನೇಮ್ ಮಾಡಲು ಹೋದರೆ ಎರಡೂ ಬೇರೆ ಫೈಲ್ ಸಿಸ್ಟಮ್, ಕರ್ನಲ್ ಒಪ್ಪುವುದಿಲ್ಲ.

ಅಡಿಕೆತೋಟ

ಕೊನೆಯ ಪ್ರಶ್ನೆ. ಹಳೆ ಡಿಸ್ಕ್‌ನ /ವಾರ್/ಟೆಂಪ್‌ನಲ್ಲಿ ಇನ್ನೂ ಕಳಿಸದ ಅಂಕಿಗಳಿವೆ. ಹೊಸ ಮೆಷಿನ್‌ನಲ್ಲಿ ಮಳೆ ಯೂಸರ್‌ನ ಯುಐಡಿ ಬೇರೆ ಆಗಬಹುದು. ಕ್ಯೂ ಫೈಲ್ ಹೇಗೆ ಸಾಗಿಸಲಿ?

ಡೆಬ್‌ಕಟ್ಟುವವ

ಮೊದಲು ಹಳೆ ಕಡೆ ಸರ್ವಿಸ್ ಪೂರ್ತಿ ನಿಲ್ಲಿಸಿ. ಎಸ್‌ಕ್ಯುಎಲ್‌ಲೈಟ್ ಫೈಲ್ ಪಕ್ಕದಲ್ಲಿ ವಾಲ್, ಎಸ್‌ಎಚ್‌ಎಮ್ ಅಂತ ಕೊನೆಯಾಗುವ ಫೈಲುಗಳಿವೆಯಾ ನೋಡಿ. ವಾಲ್ ಇದ್ದರೆ ಅದರಲ್ಲಿ ಇನ್ನೂ ಮುಖ್ಯ ಫೈಲ್‌ಗೆ ಸೇರದ ಅಂಕಿಗಳಿರಬಹುದು, ಅದನ್ನೂ ಜೊತೆಗೇ ನಕಲು ಮಾಡಿ. ಹೊಸ ಮೆಷಿನ್‌ನಲ್ಲಿ ಸರ್ವಿಸ್ ಶುರುಮಾಡುವ ಮುಂಚೆ ರೂಟ್ ಆಗಿ /ವಾರ್/ಲಿಬ್/ಮಳೆ ಫೋಲ್ಡರ್ ಮಾಡಿ ಒಳಗೆ ಹಾಕಿ. ಆ ಫೋಲ್ಡರ್‌ನ ಓನರ್ ಹೊಂದದಿದ್ದರೆ ಸ್ಟೇಟ್‌ಡೈರೆಕ್ಟರಿ ಸರ್ವಿಸ್ ಶುರುವಾಗುವಾಗ ಒಳಗಿನದನ್ನೆಲ್ಲ ಸೇರಿಸಿ ಓನರ್ ಬದಲಿಸುತ್ತದೆ. ನಾನಾದರೆ ಕೈಯಲ್ಲೇ ಒಮ್ಮೆ ಚೌನ್ ಮಾಡಿಬಿಡುತ್ತೇನೆ.

ಅಡಿಕೆತೋಟ

ಸರಿ ಸರ್. ಶನಿವಾರ ಡಿಸ್ಕ್ ಬದಲಿಸುತ್ತಿದ್ದೇನೆ. ಓಡಲು ಶುರುವಾದ ಮೇಲೆ ಪ್ಲಗ್ ಕಿತ್ತು ನೋಡಿ, ಕ್ಯೂ ಉಳಿಯಿತಾ ಅಂತ ಇಲ್ಲೇ ಬರೆಯುತ್ತೇನೆ. ಯುನಿಟ್ ಫೈಲುಗಳನ್ನೂ ಹಾಕುತ್ತೇನೆ, ಮಳೆಮಾಪಕ ಇಟ್ಟಿರುವ ಬೇರೆ ತೋಟದವರಿಗೂ ಉಪಯೋಗವಾಗಲಿ.